ಜುಲೈ ತಿಂಗಳ ಮೂರನೆಯ ರವಿವಾರ

ಒಂದು ಕ್ರೈಸ್ತ ಸಭೆಯ, ಅಂದರೆ ಒಂದು ಚರ್ಚಿಗೆ ಸೇರಿದ ಜನರ, ಭಕ್ತಿ ಎಷ್ಟು ಗಟ್ಟಿ ಅಂತ ತಿಳಿಯಬೇಕಾದರೆ ಕ್ರಿಸ್‌ಮಸ್ ರಾತ್ರಿ ಹೋಗಿ ನೋಡಬಾರದು. ಆವತ್ತು ಬೆಳಗಾವಿ ಕ್ಯಾಂಪಿನ ಫಾತಿಮಾ ಮಾತೆಯ ಪ್ರಧಾನಾಲಯದಲ್ಲೂ ಜಾಗ ಸಿಗುವುದಿಲ್ಲ, ಬಾಗಲಕೋಟೆ ಜಿಲ್ಲೆಯ ಯಾವುದೋ ಹಳ್ಳಿಯ ತಗಡಿನ ಸೂರಿನ ಚರ್ಚಿನಲ್ಲೂ ಸಿಗುವುದಿಲ್ಲ. ನೋಡಬೇಕಾದದ್ದು ಜುಲೈ ತಿಂಗಳ ಮೂರನೆಯ ರವಿವಾರ. ಹಬ್ಬವಿಲ್ಲ, ಮದುವೆಯಿಲ್ಲ, ರಜೆಯಿಲ್ಲ. ಬೆಳಗಾವಿಯಲ್ಲಿ ಬಿಡದ ಜಿಟಿಜಿಟಿ ಮಳೆ. ವಿಜಯಪುರದ ಕಡೆ ಮಳೆ ಬಂದೀತೋ ಇಲ್ಲವೋ ಎಂಬ ಚಿಂತೆ, ಬಂದಿದ್ದರೆ ಹೊಲದಲ್ಲಿ ಎಡೆ ಹೊಡೆಯುವ ಅವಸರ. ಅಂಥ ದಿನ ಮುಂಜಾನೆ ಗಂಟೆ ಬಾರಿಸಿದಾಗ ಯಾರು ಬಂದು ಕೂತಿರುತ್ತಾರೆ, ಯಾರು ಬಂದಿಲ್ಲ, ಬಾರದವರನ್ನು ಸಂಜೆಯೊಳಗೆ ಯಾರಾದರೂ ವಿಚಾರಿಸುತ್ತಾರೋ ಇಲ್ಲವೋ, ಇಷ್ಟು ನೋಡಿದರೆ ಸಾಕು.

"ಈಗಿನ ಕ್ರೈಸ್ತರಿಗೆ ಮೊದಲಿನ ನಿಷ್ಠೆ ಇಲ್ಲ" ಎಂಬ ಮಾತು ಎಲ್ಲ ಪಂಗಡಗಳಲ್ಲೂ ಕೇಳಿಬರುತ್ತದೆ. ಇದು ಹೊಸ ದೂರಲ್ಲ. ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯದಲ್ಲೇ, ಸಭೆಯಾಗಿ ಕೂಡುವುದನ್ನು ಕೆಲವರು ರೂಢಿಯಾಗಿ ಬಿಟ್ಟಿದ್ದಾರೆ, ನೀವು ಹಾಗೆ ಬಿಡಬೇಡಿ ಎಂಬ ಬುದ್ಧಿವಾದ ಇದೆ. ಅಂದರೆ ಸಭೆ ಹುಟ್ಟಿದ ಮೊದಲ ತಲೆಮಾರುಗಳಲ್ಲೇ ಗೈರುಹಾಜರಿಯೂ ಹುಟ್ಟಿತ್ತು. ಆದ್ದರಿಂದ "ಕಾಲ ಕೆಟ್ಟಿತು" ಎಂದು ಕೈಚೆಲ್ಲುವ ಬದಲು, ನಮ್ಮ ಕಡೆ ಏನಾಗುತ್ತಿದೆ ಎಂದು ಸರಿಯಾಗಿ ಎಣಿಸಿ ನೋಡುವುದು ಒಳ್ಳೆಯದು.

ನಮ್ಮ ಕಡೆ ಅಂದರೆ ಬಹಳ ಸಣ್ಣ ಸಮುದಾಯ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ಶೇ. 1.87. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಶೇ. 1ಕ್ಕಿಂತ ಎಷ್ಟೋ ಕಡಿಮೆ. ಸಂಖ್ಯೆ ಸಣ್ಣದಾದರೂ ಬೇರು ಹಳೆಯದು. ಲಂಡನ್ ಮಿಶನರಿ ಸೊಸೈಟಿಯವರು ಬೆಳಗಾವಿಗೆ ಬಂದದ್ದು 1820ರಲ್ಲಿ. 1904ರಲ್ಲಿ ಅವರ ಕೆಲಸ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಬಾಸೆಲ್ ಮಿಶನ್ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ದಾಟಿ 1851ರಲ್ಲಿ ನೇಕಾರರ ಊರು ಗುಳೇದಗುಡ್ಡದಲ್ಲಿ ನೆಲೆ ಮಾಡಿತು. ಬೆಳಗಾವಿ ಕಥೋಲಿಕ ಧರ್ಮಪ್ರಾಂತ್ಯ ಆದದ್ದು 1953ರಲ್ಲಿ. ಹೀಗೆ ಬೇರೆಬೇರೆ ದಾರಿಯಿಂದ ಬಂದವರು ಸೇರಿದ ಕಾರಣ ಬೆಳಗಾವಿ ಪಟ್ಟಣ ಒಂದರಲ್ಲೇ ಕನ್ನಡ, ಮರಾಠಿ, ಕೊಂಕಣಿ, ಇಂಗ್ಲಿಷ್ ಆರಾಧನೆ ನಡೆಯುತ್ತವೆ. ಖಾನಾಪುರದ ಕಡೆಯ ಕೊಂಕಣಿ ಮನೆಯವರು ಒಂದು ಬಲಿಪೂಜೆಗೆ (ಕಥೋಲಿಕರ ಆರಾಧನೆಗೆ), ಹಳ್ಳಿಯಿಂದ ಬಂದ ಕನ್ನಡದವರು ಇನ್ನೊಂದಕ್ಕೆ. ಭಾಷೆ ಬದಲಾದರೆ ಜನರೇ ಬದಲಾಗುತ್ತಾರೆ.

ಯಾಕೆ ಬರುತ್ತಾರೆ? ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯ ನಾಲ್ಕು ಕಾರಣ ಹೇಳುತ್ತದೆ: ಅಪೊಸ್ತಲರ ಬೋಧನೆ, ಅನ್ಯೋನ್ಯತೆ, ರೊಟ್ಟಿ ಮುರಿಯುವುದು, ಪ್ರಾರ್ಥನೆ. ಶಾಸ್ತ್ರದ ಉತ್ತರ ಇದು, ಇದರಲ್ಲಿ ಕೊರತೆ ಇಲ್ಲ. ಆದರೆ ಬೆಂಚಿನ ಮೇಲೆ ಕೂತವರ ಮನಸ್ಸಿನಲ್ಲಿ ಈ ನಾಲ್ಕೂ ಅದೇ ಸಾಲಿನಲ್ಲಿ ಇರುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಬಹಳ ಮಂದಿಯನ್ನು ಹಿಡಿದಿಟ್ಟ ಮೊದಲ ಗಂಟು ಸಾವು. ನಾನು ಸತ್ತರೆ ಯಾರು ಹೊರುತ್ತಾರೆ, ಎಲ್ಲಿ ಮಣ್ಣು ಮಾಡುತ್ತಾರೆ, ಯಾರು ಹಾಡುತ್ತಾರೆ? ಊರಲ್ಲಿ ಹತ್ತೇ ಮನೆ ಕ್ರೈಸ್ತರಿದ್ದಾಗ ಈ ಪ್ರಶ್ನೆ ತತ್ವದ್ದಲ್ಲ, ಜಾಗದ್ದು ಮತ್ತು ಹೆಗಲಿನದ್ದು. ಹಳೆಯ ಸಭೆಗಳಿಗೆ ಸ್ಮಶಾನ ಇದೆ. ಇತ್ತೀಚಿನ, ಯಾವ ಪಂಗಡಕ್ಕೂ ಸೇರದ ಸ್ವತಂತ್ರ ಸಭೆಗಳಲ್ಲಿ ಅನೇಕಕ್ಕೆ ಇಲ್ಲ. ಶುಕ್ರವಾರ ಉಪವಾಸ ಪ್ರಾರ್ಥನೆಗೆ ಸ್ವತಂತ್ರ ಸಭೆಗೆ ಹೋಗುವವರೂ ಹಳೆಯ ಚರ್ಚಿನ ಪಟ್ಟಿಯಿಂದ ಹೆಸರು ತೆಗೆಸದೆ ಇರುವುದಕ್ಕೆ ಇದೊಂದು ದೊಡ್ಡ ಕಾರಣ.

ಎರಡನೆಯದು ಮದುವೆ. ಕಥೋಲಿಕರಲ್ಲಿ ಮದುವೆಗೆ ಮೊದಲು ದೀಕ್ಷಾಸ್ನಾನ ಪಡೆದ ಧರ್ಮಕೇಂದ್ರದಿಂದ ಇತ್ತೀಚೆಗೆ ಬರೆಸಿದ ಪತ್ರ ಬೇಕು. ಹಳೆಯ ಪತ್ರ ನಡೆಯದು, ಯಾಕೆಂದರೆ ಮದುವೆಯಾದರೆ ಅದನ್ನು ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಅದೇ ಹೆಸರಿನ ಎದುರು ಬರೆಯುವ ನಿಯಮ ಇದೆ. ಹೊಸ ಪತ್ರ ತಂದರೆ ಮಾತ್ರ ಅವರು ಇನ್ನೂ ಮದುವೆಯಾಗಿಲ್ಲ ಎಂಬುದು ಖಾತ್ರಿ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಚಂದಾದ ಲೆಕ್ಕ. ವರ್ಷಗಟ್ಟಲೆ ಚಂದಾ ಕಟ್ಟದವರು ಮಗಳ ಮದುವೆ ಗೊತ್ತಾದ ತಿಂಗಳು ಬಾಕಿಯನ್ನೆಲ್ಲ ಒಮ್ಮೆಲೆ ತೀರಿಸುವುದು ಖಜಾಂಚಿಗಳಿಗೆಲ್ಲ ಗೊತ್ತಿರುವ ಸಂಗತಿ. ಇದನ್ನು ಹೀಯಾಳಿಸಬಾರದು. ಕಾಗದಕ್ಕಾಗಿ ಬಂದವರನ್ನು ಚಾಪೆ ಹಾಕಿ ಕೂಡಿಸಿ, ಮನೆಯವರ ಯೋಗಕ್ಷೇಮ ಕೇಳಿ ಕಳಿಸಿದ ಸಭೆಗೆ ಆ ಮನೆಯವರು ಮತ್ತೆ ಬರುತ್ತಾರೆ. ಬಾಕಿ ಪಟ್ಟಿ ಮುಖಕ್ಕೆ ಹಿಡಿದು ಎಲ್ಲರ ಎದುರು ಓದಿದ ಸಭೆಗೆ ಮದುವೆಯ ಮರುದಿನದಿಂದ ಬರುವುದಿಲ್ಲ.

ಆಮೇಲೆ ಕಾಯಿಲೆ, ಸಾಲ, ಕುಡಿಯುವ ಗಂಡ, ಹಾಡು, ಜತೆಗಾರರು, ವಾರಕ್ಕೊಮ್ಮೆ ಒಳ್ಳೆಯ ಸೀರೆ ಉಟ್ಟು ನಾಲ್ಕು ಮಂದಿಯ ಮುಖ ನೋಡುವ ಹಂಬಲ. ಮನಶ್ಶಾಸ್ತ್ರಜ್ಞ ಗೋರ್ಡನ್ ಆಲ್‌ಪೋರ್ಟ್ 1967ರಲ್ಲಿ ಸಹೋದ್ಯೋಗಿ ಮೈಕೇಲ್ ರಾಸ್ ಜತೆ ಬರೆದ ಲೇಖನದಲ್ಲಿ, ಧರ್ಮವನ್ನು ಬಳಸಿಕೊಳ್ಳುವವರು ಬೇರೆ, ಧರ್ಮವನ್ನೇ ಬದುಕುವವರು ಬೇರೆ ಎಂದು ಗೆರೆ ಎಳೆದರು. ಗೆರೆ ಉಪಯುಕ್ತವೇ. ಆದರೆ ಅದು ಇಬ್ಬರು ಮನುಷ್ಯರ ನಡುವೆ ಇರುವುದಕ್ಕಿಂತ ಹೆಚ್ಚಾಗಿ ಒಬ್ಬರೊಳಗೇ ಇರುತ್ತದೆ, ವರ್ಷದಿಂದ ವರ್ಷಕ್ಕೆ ಸರಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಮಗುವಿನ ಜ್ವರಕ್ಕೆ ಪ್ರಾರ್ಥನೆ ಕೇಳಲು ಬಂದ ತಾಯಿ ಹತ್ತು ವರ್ಷದ ಮೇಲೆ ಇನ್ನೊಬ್ಬರ ಮಗುವಿಗಾಗಿ ಉಪವಾಸ ಹಿಡಿದು ಕೂರುತ್ತಾಳೆ. ಬಂದ ಕಾರಣ ಯಾವುದೇ ಇರಲಿ, ಉಳಿಯುವ ಕಾರಣ ಬೇರೆಯೇ ಆಗುತ್ತದೆ. ಉಳಿಸುವುದು ಹೆಚ್ಚಾಗಿ ಒಂದೇ: ನಾನು ಬಾರದಿದ್ದರೆ ಇಲ್ಲಿ ಯಾರಿಗಾದರೂ ಗೊತ್ತಾಗುತ್ತದೆ ಎಂಬ ನಂಬಿಕೆ.

ಈಗ ಎಣಿಕೆ. "ವಾರವಾರ ಹೋಗುತ್ತೀರಾ?" ಎಂದು ಬಾಯಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. 1993ರಲ್ಲಿ ಹ್ಯಾಡವೇ, ಮಾರ್ಲರ್, ಚೇವ್ಸ್ ಎಂಬ ಮೂವರು ಸಂಶೋಧಕರು ಅಮೆರಿಕದಲ್ಲಿ ತಲೆ ಎಣಿಸಿ ನೋಡಿದಾಗ, ಸಮೀಕ್ಷೆಯಲ್ಲಿ "ಹೋಗುತ್ತೇವೆ" ಎಂದವರ ಸುಮಾರು ಅರ್ಧದಷ್ಟು ಜನ ಮಾತ್ರ ಚರ್ಚಿನಲ್ಲಿದ್ದರು. ಅವರೆಲ್ಲ ಬೇಕೆಂದೇ ಸುಳ್ಳು ಹೇಳಿದರು ಎನ್ನಬೇಕಿಲ್ಲ. ಹೋಗುವವರು ಎಂದು ತಮ್ಮನ್ನು ತಾವು ತಿಳಿದವರು ಹೋದೆವು ಎಂದೇ ಹೇಳುತ್ತಾರೆ. ಹಾಗಾಗಿ ಕೇಳುವ ಬದಲು ಎಣಿಸಬೇಕು, ಎಣಿಸಲು ಪದ್ಧತಿ ಬೇಕು.

ಜುಲೈ, ಆಗಸ್ಟ್ ಎರಡು ತಿಂಗಳ ಎಂಟು ರವಿವಾರ ತೆಗೆದುಕೊಳ್ಳಿ. ಡಿಸೆಂಬರ್, ತಪಸ್ಸುಕಾಲ, ಪಾಸ್ಖ (ಈಸ್ಟರ್), ಏಪ್ರಿಲ್-ಮೇ ರಜೆ, ಸುಗ್ಗಿ ಹಬ್ಬ ಇವು ಲೆಕ್ಕಕ್ಕೆ ಬೇಡ. ಪ್ರತಿ ಸಲ ಎರಡು ಬಾರಿ ಎಣಿಸಿ: ಮೊದಲ ಹಾಡು ಮುಗಿದಾಗ ಒಮ್ಮೆ, ಪ್ರಸಂಗದ ನಡುವೆ ಇನ್ನೊಮ್ಮೆ. ಎರಡರ ನಡುವಿನ ಅಂತರವೇ ತಡವಾಗಿ ಬರುವ ಚಾಳಿಯ ಅಳತೆ. ಗಂಡಸರು, ಹೆಂಗಸರು, ಹದಿನೈದರಿಂದ ಇಪ್ಪತ್ತೈದರವರು, ಮಕ್ಕಳು, ನಾಲ್ಕು ಕಲಮು (ಕಾಲಂ). ಸಂಡೇ ಸ್ಕೂಲಿನ ಮಕ್ಕಳು ಬೇರೆ ಕೋಣೆಯಲ್ಲಿದ್ದರೆ ಅವರನ್ನು ಅಲ್ಲೇ ಎಣಿಸಬೇಕು. ಕೊನೆಯ ಆಶೀರ್ವಾದಕ್ಕೆ ಒಳಗೆ ಬಂದಾಗ ಮತ್ತೆ ಎಣಿಸಿದರೆ ಸಂಖ್ಯೆ ಸುಮ್ಮನೆ ಉಬ್ಬುತ್ತದೆ. ಎಂಟರಲ್ಲಿ ತೀರ ಹೆಚ್ಚಿನದು, ತೀರ ಕಡಿಮೆಯದು ಬಿಟ್ಟು ಉಳಿದ ಆರರ ಸರಾಸರಿ ಹಿಡಿಯಿರಿ.

ಭಾಗಿಸುವುದರಲ್ಲಿ ಇನ್ನೂ ದೊಡ್ಡ ತಪ್ಪಾಗುತ್ತದೆ. ಪಟ್ಟಿಯಲ್ಲಿ 120 ಮನೆ ಇವೆ ಅನ್ನೋಣ. ಮನೆಗೆ ನಾಲ್ವರಂತೆ 480 ಜನ. ಸರಾಸರಿ ಹಾಜರಿ 130. ಶೇ. 27! ಅಯ್ಯೋ ಎನ್ನುವ ಮೊದಲು ಪಟ್ಟಿ ತಿದ್ದಬೇಕು. ಗೋವಾ, ಪುಣೆ, ಬೆಂಗಳೂರಿಗೆ ಹೋಗಿ ನೆಲೆ ನಿಂತ 35 ಮನೆ ತೆಗೆದರೆ ಊರಲ್ಲಿ ಉಳಿದವು 85, ಅಂದರೆ 340 ಜನ, ಹಾಜರಿ ಶೇ. 38. ಇಷ್ಟಕ್ಕೂ ನಿಲ್ಲಬಾರದು. ಮನೆಮನೆಯ ಹೆಸರು ಹಿಡಿದು ನಾಲ್ಕು ವಾರ ಗುರುತು ಹಾಕಿದರೆ, ಆ 130 ಪ್ರತಿ ವಾರದ ಅದೇ 130 ಅಲ್ಲ ಎಂದು ಕಾಣುತ್ತದೆ. 260 ಜನ ತಿಂಗಳಿಗೆ ಎರಡೆರಡು ಸಲ ಬಂದರೂ ಸರಾಸರಿ 130ರದ್ದೇ. ಇದೇ 260 ಜನ ಹಿಂದೆ ತಿಂಗಳಿಗೆ ಮೂರು ಸಲ ಬರುತ್ತಿದ್ದರೆ ಆಗ ಕಂಡಿದ್ದ ಸಂಖ್ಯೆ 195. ಒಬ್ಬರೂ ಸಭೆ ಬಿಟ್ಟಿಲ್ಲ, ಒಬ್ಬರೂ ನಂಬಿಕೆ ಕಳೆದುಕೊಂಡಿಲ್ಲ, ಆದರೂ ಬೆಂಚು ಮೂರರಲ್ಲಿ ಒಂದು ಪಾಲು ಖಾಲಿ.

ಈ ಲೆಕ್ಕ ನನಗೆ ಬಹಳ ಮುಖ್ಯ ಅನಿಸುತ್ತದೆ. "ಜನ ದೇವರನ್ನು ಬಿಟ್ಟರು" ಎಂದು ಪ್ರಸಂಗಪೀಠದಿಂದ ಗುಡುಗುವುದಕ್ಕೂ, "ಜನ ಎರಡು ವಾರಕ್ಕೊಮ್ಮೆ ಬರುತ್ತಿದ್ದಾರೆ, ನಡುವಿನ ವಾರ ಎಲ್ಲಿರುತ್ತಾರೆ?" ಎಂದು ಕೇಳುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಬಂದವರನ್ನೇ ಬೈಯುತ್ತದೆ.

ನಡುವಿನ ವಾರ ಎಲ್ಲಿರುತ್ತಾರೆ ಎಂಬುದಕ್ಕೆ ಉತ್ತರ ನಮ್ಮ ಜಿಲ್ಲೆಗಳ ದುಡಿಮೆಯಲ್ಲಿದೆ. ದೀಪಾವಳಿಯ ಮೇಲೆ ಕಬ್ಬು ಕಡಿಯುವ ಗ್ಯಾಂಗುಗಳು ಹೊರಟರೆ ಬೇಸಿಗೆಯ ಹೊತ್ತಿಗೆ ತಿರುಗಿ ಬರುವುದು. ಸಕ್ಕರೆ ಕಾರ್ಖಾನೆ ನುರಿಸುವಷ್ಟು ದಿನ ಪಾಳಿಗೆ ರವಿವಾರವಿಲ್ಲ. ವಿಜಯಪುರದ ಹಳ್ಳಿಗಳಲ್ಲಿ ಹಿಂಗಾರಿ ಜೋಳ ಬಿತ್ತುವ ಹದ ಸಿಕ್ಕಿದ ವಾರ ಹೊಲ ಬಿಟ್ಟು ಬರಲಾಗದು, ಹದ ಯಾರಿಗೂ ಕಾಯುವುದಿಲ್ಲ. ರವಿವಾರವೇ ಸಂತೆ ಇರುವ ಊರುಗಳಲ್ಲಿ ಕಾಯಿಪಲ್ಲೆ ಮಾರುವವರಿಗೆ ಆರಾಧನೆಯ ಹೊತ್ತೇ ಗಿರಾಕಿಯ ಹೊತ್ತು. ಹುಡುಗರಿಗೆ ಸರ್ಕಾರಿ ನೌಕರಿಯ ಪರೀಕ್ಷೆಗಳು, ಟ್ಯೂಶನ್ನು ರವಿವಾರವೇ. ಇದಕ್ಕೆಲ್ಲ ಸಭೆಯ ಹತ್ತಿರ ಉಪಾಯ ಇಲ್ಲದೆ ಇಲ್ಲ. ಕಥೋಲಿಕರಲ್ಲಿ ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ರವಿವಾರ ಬಲಿಪೂಜೆಗೆ ಬರಲೇಬೇಕೆಂಬ ಕಟ್ಟಳೆ ಪೂರೈಸಿದಂತೆ. ಕಾಯಿಲೆ, ಎಳೆಗೂಸಿನ ಆರೈಕೆಯಂಥ ಗಂಭೀರ ಕಾರಣವಿದ್ದರೆ ಕಟ್ಟಳೆಯಿಂದ ವಿನಾಯಿತಿಯೂ ಇದೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ತಪ್ಪು ಮಾಡಿದೆವೆಂಬ ಅಳುಕಿನಲ್ಲೇ ದೂರವಾಗುತ್ತಾರೆ. ಸಂತೆಯ ಊರಲ್ಲಿ ಆರಾಧನೆಯನ್ನು ಮುಂಜಾನೆ ಏಳಕ್ಕೆ ತಂದರೆ ಅಥವಾ ರಾತ್ರಿ ಎಂಟಕ್ಕೆ ಮನೆ ಪ್ರಾರ್ಥನೆ ಇಟ್ಟರೆ ಬರುವವರು ಬರುತ್ತಾರೆ. ರವಿವಾರ ಹತ್ತು ಗಂಟೆ ಎಂಬುದು ಶಾಸ್ತ್ರದಲ್ಲಿ ಎಲ್ಲೂ ಇಲ್ಲ.

ಬಂದವರನ್ನು ಕಳೆಯುವ ಸಂಗತಿಗಳೂ ಇವೆ, ಅವು ಬಹಳ ಸಣ್ಣವು. ಹಾಡಿನ ಶ್ರುತಿ ಒಂದು. ಕೀಬೋರ್ಡಿನ ಹುಡುಗ ತನ್ನ ಕಂಠಕ್ಕೆ ಒಗ್ಗುವ ಶ್ರುತಿ ಹಿಡಿಯುತ್ತಾನೆ. ಎತ್ತರವಾದರೆ ಗಂಡಸರು ಬಾಯಿ ಮುಚ್ಚುತ್ತಾರೆ, ತೀರ ತಗ್ಗಿದರೆ ಹೆಂಗಸರಿಗೆ ದನಿ ಏಳುವುದಿಲ್ಲ. ಸಭೆ ಹಾಡುವುದು ನಿಂತು ಕೇಳುವುದು ಶುರುವಾಗುತ್ತದೆ, ಕೇಳುವುದಕ್ಕೆ ಮೊಬೈಲೇ ಸಾಕಲ್ಲ. ಹೊಸ ಹಾಡು ತಿಂಗಳಿಗೆ ಒಂದೇ ಕಲಿಸಬೇಕು, ನಾಲ್ಕು ವಾರವೂ ಅದನ್ನೇ ಹಾಡಿಸಬೇಕು; ನಾಲ್ಕನೆಯ ವಾರ ಅದು ಪುಸ್ತಕ ಬಿಟ್ಟು ಬಾಯಿಗೆ ಬರುತ್ತದೆ. ಹಾರ್ಮೋನಿಯಂ, ತಬಲಾ, ತಾಳ ಇದ್ದ ಕಡೆ ಓದು ಬಾರದ ಅಜ್ಜಿಯೂ ಪಲ್ಲವಿ ಹಿಡಿಯುತ್ತಾಳೆ, ಯಾಕೆಂದರೆ ಭಜನೆಯ ಅಭ್ಯಾಸ ಈ ನೆಲದ ಎಲ್ಲರಿಗೂ ಇದೆ. ಪ್ರಸಂಗದ ಉದ್ದ ಇನ್ನೊಂದು. ಪೋಪ್ ಫ್ರಾನ್ಸಿಸ್ 2024ರಲ್ಲಿ ಪ್ರಬೋಧನೆ ಎಂಟು ನಿಮಿಷ ಮೀರಬಾರದು ಎಂದಿದ್ದರು. ಪ್ರೊಟೆಸ್ಟೆಂಟರಲ್ಲಿ ವಾಕ್ಯವೇ ಕೇಂದ್ರವಾದ್ದರಿಂದ ಎಂಟು ನಿಮಿಷ ಸಾಲದು, ಇಪ್ಪತ್ತೈದು ಸಾಕು. ಉದ್ದಕ್ಕಿಂತ ಭಾಷೆ ಹೆಚ್ಚು ಕಾಡುತ್ತದೆ. ಸೆಮಿನರಿಯ ಕನ್ನಡದಲ್ಲಿ "ಸಮರ್ಥನೆ, ಪವಿತ್ರೀಕರಣ" ಎಂದು ಹೇಳಿದ್ದನ್ನು ರಬಕವಿಯ ಮಗ್ಗದವರಿಗೆ, ಇಂಡಿಯ ನಿಂಬೆ ತೋಟದವರಿಗೆ ಅವರ ಮಾತಿನಲ್ಲೇ ಬಿಡಿಸಿ ಹೇಳದಿದ್ದರೆ ಅದು ತಲೆಯ ಮೇಲಿಂದ ಹಾರಿಹೋಗುತ್ತದೆ.

ಹುಡುಗರ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ದೃಢೀಕರಣದ (ನಂಬಿಕೆಯನ್ನು ತಾವೇ ಒಪ್ಪಿ ಹೇಳುವ ವಿಧಿಯ) ಪಾಠಕ್ಕೆ ತಿಂಗಳುಗಟ್ಟಲೆ ಬರುತ್ತಾರೆ, ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ ಕಂಠಪಾಠ, ಬಿಳಿ ಬಟ್ಟೆ, ಫೋಟೊ, ಊಟ. ಮುಂದಿನ ರವಿವಾರದಿಂದ ಕಾಣುವುದಿಲ್ಲ. ಅದನ್ನು ನಾವೇ ಶಾಲೆ ಮುಗಿಸಿದ ಸಮಾರಂಭದಂತೆ ಮಾಡಿದ್ದೇವೆ, ಅವರು ಮುಗಿಸಿ ಹೊರಟಿದ್ದಾರೆ. ಪಾಠ ನಡೆಯುವಾಗಲೇ ಪ್ರತಿ ಹುಡುಗನಿಗೂ ಹುಡುಗಿಗೂ ಒಂದು ಕೆಲಸದ ಸರದಿ ಕೊಡಬೇಕು, ದೃಢೀಕರಣದ ಮರುವಾರವೂ ಆ ಸರದಿ ಮುಂದುವರಿಯಬೇಕು. ವಾಚನ ಓದುವುದು, ಮೈಕು ನೋಡಿಕೊಳ್ಳುವುದು, ಸಣ್ಣ ಮಕ್ಕಳ ಗುಂಪಿಗೆ ಜತೆಯಾಗುವುದು. ಸಂಡೇ ಸ್ಕೂಲಿಗೆ ಎಂಟು-ಹತ್ತು ಮಕ್ಕಳಿಗೆ ಒಬ್ಬರು ಬೇಕು, ಆ ಜಾಗ ಯಾವಾಗಲೂ ಖಾಲಿ ಇರುತ್ತದೆ. ಎರಡನೆಯ ಸೋರಿಕೆ ಕಾಲೇಜಿಗೆ ಹೋಗುವಾಗ. ಜಮಖಂಡಿಯ ಹುಡುಗಿ ಬೆಳಗಾವಿಯ ಹಾಸ್ಟೆಲಿಗೆ ಹೋದರೆ "ಅಲ್ಲಿ ಚರ್ಚಿಗೆ ಹೋಗವ್ವಾ" ಎಂದಷ್ಟೇ ಹೇಳಿದರೆ ಸಾಲದು. ಸಭಾಪಾಲಕರು ಮೊದಲ ವಾರವೇ ಅಲ್ಲಿಯವರಿಗೆ ಫೋನು ಮಾಡಿ ಹೆಸರು ಹೇಳಿ, ಗೇಟಿನ ಹತ್ತಿರ ನಿಂತು ಕರೆದುಕೊಳ್ಳುವ ಒಬ್ಬ ಅಕ್ಕನನ್ನು ಗೊತ್ತು ಮಾಡಬೇಕು. ಎರಡು ತಿಂಗಳು ಮೀರಿದರೆ ಆ ಮಗು ರವಿವಾರ ಬಟ್ಟೆ ಒಗೆಯುವ ದಿನ ಎಂದು ರೂಢಿ ಮಾಡಿಕೊಂಡಿರುತ್ತದೆ.

2020ರ ಮಾರ್ಚಿನಲ್ಲಿ ಬಾಗಿಲು ಹಾಕಿ ಜೂನಿನಲ್ಲಿ ತೆರೆಯುವುದರೊಳಗೆ ಆರಾಧನೆ ಮೊಬೈಲಿಗೆ ಬಂತು. ಹಾಸಿಗೆ ಹಿಡಿದವರಿಗೆ ಅದು ವರವೇ ಆಯಿತು. ಗಟ್ಟಿಮುಟ್ಟಾದವರಲ್ಲಿ ಕೆಲವರು ಅಲ್ಲೇ ಉಳಿದರು. ಪ್ರಸಂಗ ಯೂಟ್ಯೂಬಿನಲ್ಲಿ ಇಲ್ಲಿಗಿಂತ ಚೆನ್ನಾಗಿ ಸಿಗಬಹುದು. ರೊಟ್ಟಿ ಮತ್ತು ಹೆಗಲು ಸಿಗವು.

ಎಣಿಕೆಗೆ ಸಿಗದ ಇನ್ನೊಂದು ಗುಂಪಿದೆ, ನಿಷ್ಠೆಯ ಮಾತು ಬಂದಾಗ ಇವರನ್ನು ಬಿಟ್ಟರೆ ಅನ್ಯಾಯ. ಹಳ್ಳಿಯ ಪ್ರಾರ್ಥನೆಗಳಲ್ಲಿ ಹಿಂದಿನ ಚಾಪೆಯ ಮೇಲೆ ಕೂರುವವರು. ವರ್ಷಾನುಗಟ್ಟಲೆ ಬರುತ್ತಾರೆ, ದೀಕ್ಷಾಸ್ನಾನ ಪಡೆದಿಲ್ಲ, ಯಾವ ಪಟ್ಟಿಯಲ್ಲೂ ಹೆಸರಿಲ್ಲ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ, ಆಮೇಲಿನ ತಿದ್ದುಪಡಿಗಳಿಂದ ಸಿಖ್ಖರಿಗೆ ಮತ್ತು ಬೌದ್ಧರಿಗೆ ಮಾತ್ರ. ಕ್ರೈಸ್ತರಾದರೆ ಅದು ಹೋಗುತ್ತದೆ, ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 1ಕ್ಕೆ ಬರುತ್ತಾರೆ. ಮಕ್ಕಳ ವಿದ್ಯಾರ್ಥಿವೇತನ, ನೌಕರಿ ಎಲ್ಲ ಅದರ ಮೇಲೆ ನಿಂತಿದೆ. 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ವಿಧಾನಸಭೆ ಮತಾಂತರ ಕುರಿತ ಮಸೂದೆಯನ್ನು ಅಂಗೀಕರಿಸಿದ ಮೇಲೆ ಅಳುಕಿಗೆ ಇನ್ನೊಂದು ಕಾರಣ ಸೇರಿತು. ಇಷ್ಟೆಲ್ಲ ಇದ್ದೂ ಕೂಲಿ ಮುಗಿಸಿ ಬಂದು ಕೂರುವವರ ಭಕ್ತಿಯನ್ನು ಯಾವ ಕಲಮಿನಲ್ಲಿ ಬರೆಯುವುದು? ಕ್ರಿ.ಶ. 304ರಲ್ಲಿ ಉತ್ತರ ಆಫ್ರಿಕದ ಅಬಿಟಿನೆಯವರನ್ನು ರವಿವಾರ ಕೂಡಿದ್ದಕ್ಕಾಗಿ ಹಿಡಿದು ವಿಚಾರಿಸಿದಾಗ, ಈ ಕೂಟವಿಲ್ಲದೆ ನಾವು ಇರಲಾರೆವು ಎಂದು ಉತ್ತರಿಸಿ ಪ್ರಾಣ ಕೊಟ್ಟರು. ಹಿಂದಿನ ಚಾಪೆಯವರು ಆ ಮಾತು ಓದಿಲ್ಲ, ಅದರ ಅರ್ಥ ಅವರಿಗೆ ಗೊತ್ತಿದೆ.

ಕಾಣಿಕೆಯ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಮೊತ್ತ ನೋಡಬೇಡಿ, ನೋಟು ಮತ್ತು ಲಕೋಟೆ ಎಷ್ಟು ಎಂದು ಎಣಿಸಿ. ಇಬ್ಬರು ಉಳ್ಳವರು ಹೆಚ್ಚು ಹಾಕಿದರೆ ಮೊತ್ತ ಏರುತ್ತದೆ, ಕೊಡುವ ಕೈಗಳು ಕಡಿಮೆಯಾದದ್ದು ವರ್ಷಗಟ್ಟಲೆ ಕಾಣುವುದೇ ಇಲ್ಲ. ಸುಗ್ಗಿ ಹಬ್ಬದಲ್ಲಿ ಜೋಳದ ತೆನೆ, ಕುಂಬಳಕಾಯಿ, ಕೋಳಿ ತಂದು ಹರಾಜು ಹಾಕುವಾಗ ಬಡವಳೊಬ್ಬಳ ಒಂದು ತತ್ತಿ ಕೈಯಿಂದ ಕೈಗೆ ಹೋಗಿ ನೂರಾರು ರೂಪಾಯಿಗೆ ಏರುವುದುಂಟು. ಮಾರ್ಕನ ಹನ್ನೆರಡನೆಯ ಅಧ್ಯಾಯದ ವಿಧವೆಯ ಎರಡು ಕಾಸನ್ನು ವಿವರಿಸಲು ಅಂಥ ಹೊತ್ತಿನಲ್ಲಿ ಪ್ರಸಂಗ ಬೇಕಾಗುವುದಿಲ್ಲ.

ಕೊನೆಗೆ ಬಾರದವರ ಮನೆ. ಒಂದು ವಾರ ಕಾಣದಿದ್ದರೆ ಸುಮ್ಮನಿರಬಹುದು. ಎರಡನೆಯ ವಾರಕ್ಕೆ ಫೋನು. ಮೂರನೆಯ ರವಿವಾರವೂ ಕಾಣದಿದ್ದರೆ ಅದೇ ಸಂಜೆ ಇಬ್ಬರು ಹೋಗಬೇಕು, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. "ಯಾಕ್ರೀ, ಚರ್ಚಿಗೆ ಬರವಲ್ರಿ?" ಎಂದು ಕೇಳಿದರೆ ಅದು ವಿಚಾರಣೆ. "ಅಕ್ಕಾರ, ಎರಡ್ಮೂರು ವಾರ ಆತು ಕಂಡಿಲ್ಲ, ಆರಾಮ ಅದೀರಿಲ್ಲ?" ಎಂದರೆ ಉಳಿದದ್ದು ತಾನೇ ಹೊರಬರುತ್ತದೆ. ಮುಕ್ಕಾಲು ಪಾಲು ಕಾರಣ ಮೂರರಲ್ಲಿ ಒಂದು: ಮನೆಯಲ್ಲಿ ಕಾಯಿಲೆ, ಸಭೆಯ ಯಾರದ್ದೋ ಮಾತು ಚುಚ್ಚಿದ್ದು, ಕೈಯಲ್ಲಿ ದುಡ್ಡಿಲ್ಲದ ನಾಚಿಕೆ. ಇಪ್ಪತ್ತು ನಿಮಿಷ, ಒಂದು ಕೀರ್ತನೆ, ಒಂದು ಸಣ್ಣ ಪ್ರಾರ್ಥನೆ, ಚಹಾ ಕೊಟ್ಟರೆ ಕುಡಿದು ಏಳುವುದು. ಅಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಹೇಳಬಾರದು. ಹೇಳಿದರೆ ಎರಡು ಮನೆಯೂ ಹೋದವು.

ಕ್ರಿ.ಶ. 155ರ ಸುಮಾರಿಗೆ ಜಸ್ಟಿನ್ ಎಂಬ ಸಭಾಪಿತೃ ರೋಮ್ ಚಕ್ರವರ್ತಿಗೆ ರವಿವಾರದ ಕೂಟವನ್ನು ವರ್ಣಿಸಿ ಬರೆದ: ವಾಚನ, ಬೋಧನೆ, ಪ್ರಾರ್ಥನೆ, ರೊಟ್ಟಿ, ಆಮೇಲೆ ಬಾರದವರ ಪಾಲನ್ನು ಸೇವಕರು ಅವರ ಮನೆಗೆ ಒಯ್ಯುವುದು. ಈಗಲೂ ಆರಾಧನೆ ಮುಗಿದ ಮೇಲೆ ಪುಟ್ಟ ಡಬ್ಬಿಯಲ್ಲಿ ಪರಮಪ್ರಸಾದ (ಆರಾಧನೆಯ ಆ ರೊಟ್ಟಿ) ಹಿಡಿದು ಹಾಸಿಗೆ ಹಿಡಿದವರ ಮನೆಗೆ ನಡೆಯುವವರು ಇದ್ದಾರೆ. ಆ ಮನೆಯಲ್ಲಿ ಮುಂಜಾನೆಯಿಂದ ಮಂಚದ ಹತ್ತಿರ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಒಂದು ಮೇಣದಬತ್ತಿ, ಒಂದು ಲೋಟ ನೀರು ಇಟ್ಟು ಕಾಯುತ್ತಿರುತ್ತಾರೆ. ಜುಲೈ ತಿಂಗಳ ಮೂರನೆಯ ರವಿವಾರದ ಎಣಿಕೆಯ ಪುಸ್ತಕದಲ್ಲಿ ಅವರಿಗೂ ಒಂದು ಕಲಮು ಹಾಕಿ, ಹೆಸರು ಬರೆಯಬೇಕು, ಹಾಜರಿದ್ದವರ ಸಾಲಿನಲ್ಲೇ.